ರಫ್ ವರ್ಕ್ ಅಳಿಸಬೇಡಿ

ಬೆಂಗಳೂರಿನ ಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಯಾವ ಶಾಲೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ರಫ್ ವರ್ಕ್ ಅಳಿಸು, ನೋಟ್‌ಬುಕ್ ನೀಟಾಗಿರಬೇಕು." ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದೇ ತರಗತಿಯಲ್ಲಿ ಆದಿಮಾನವನ ಪಾಠವೂ ನಡೆದಿರುತ್ತದೆ. ಕಲ್ಲಿನ ಆಯುಧ, ಬೆಂಕಿ, ಚಕ್ರ ಎಂದು ಬಾಯಿಪಾಠವೂ ಆಗಿರುತ್ತದೆ. ಆ ಪಾಠದಿಂದ ನಾವು ಕಲಿಯಬೇಕಾದದ್ದು ಮಾತ್ರ ಹಾಗೇ ಉಳಿದುಬಿಡುತ್ತದೆ.

ನಮ್ಮದೇ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಅಗೆದು ನೋಡಿದರು. ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಸುಮಾರು 12 ಲಕ್ಷ ವರ್ಷ ಹಳೆಯದು ಎಂಬ ಅಂದಾಜಿದೆ. ಅಲ್ಲಿ ಸಿಕ್ಕಿದ್ದು ಪೂರ್ತಿಯಾದ ಕೊಡಲಿಗಳಷ್ಟೇ ಅಲ್ಲ. ಬಡಿಯುವ ಕಲ್ಲು, ಒಡೆದ ಕಲ್ಲು, ಒಡೆಯುವಾಗ ಎದ್ದ ರಾಶಿ ಚಕ್ಕೆ ಎಲ್ಲವೂ ಇದ್ದವು. ಕೊಡಲಿ ಒಂದನ್ನೇ ನೋಡಿದರೆ ಮಾಡಿದವನ ಕೈ ಹೇಗೆ ಓಡಿತು ಎಂದು ಪೂರ್ತಿ ತಿಳಿಯುವುದಿಲ್ಲ. ಅದು ಗೊತ್ತಾಗುವುದು ಚಕ್ಕೆಗಳಿಂದ. ಕೀನ್ಯಾದ ಲೋಕಲಾಲೇಯಲ್ಲಿ ಸುಮಾರು 23 ಲಕ್ಷ ವರ್ಷ ಹಳೆಯ ಚಕ್ಕೆಗಳನ್ನು ಮತ್ತೆ ಮೂಲ ಕಲ್ಲಿಗೆ ಜೋಡಿಸಿ, ಯಾವ ಏಟು ಮೊದಲು, ಯಾವುದು ಆಮೇಲೆ ಎಂದು ಸಂಶೋಧಕರು ಪತ್ತೆ ಮಾಡಿದ್ದಾರೆ.

ಮಗುವಿನ ರಫ್ ವರ್ಕ್ ಅಂದರೆ ಆ ಚಕ್ಕೆಗಳೇ. 52ರಿಂದ 27 ಕಳೆದು 35 ಎಂದು ಬರೆದ ಮಗುವನ್ನು ನೋಡಿ. ಬರೀ ಉತ್ತರ ಕಂಡರೆ ತಪ್ಪು ಅಂತ ಗೀಟು ಹಾಕುತ್ತೇವೆ. ಪಕ್ಕದಲ್ಲಿ 7ರಿಂದ 2 ಕಳೆದ ಗುರುತಿದ್ದರೆ ಗೊತ್ತಾಗುತ್ತದೆ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದೇ ನಿಯಮ ಅಂತ ಮಗು ನಂಬಿಕೊಂಡಿದೆ. ಅಳಿಸಿದರೆ ಆ ನಂಬಿಕೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಕೇಳುತ್ತಾರೆ, "ಅಂದ್ರೆ ಮಕ್ಕಳೇ ಕಂಡುಹಿಡಿಯಲಿ ಅಂತ ಸುಮ್ನೆ ಬಿಡಬೇಕಾ ಸರ್?" ಇಲ್ಲ, ಖಂಡಿತ ಇಲ್ಲ. ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಾಗದು. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 184 ಜನ ಕಲ್ಲಿನಿಂದ ಚಕ್ಕೆ ಎಬ್ಬಿಸುವುದನ್ನು ಕಲಿತರು. ಇಲ್ಲಿ ಚಕ್ಕೆಯೇ ಮಾಡಬೇಕಾದ ಆಯುಧ. ಕೆಲವರಿಗೆ ಸಿದ್ಧವಾದ ಚಕ್ಕೆಯನ್ನಷ್ಟೇ ಕೊಟ್ಟರು. ಕೆಲವರು ಬೇರೆಯವರು ಮಾಡುವುದನ್ನು ನೋಡಿದರು. ಕೆಲವರಿಗೆ ಮಾತಿಲ್ಲದೆ ತೋರಿಸಿಕೊಟ್ಟರು. ಇನ್ನು ಕೆಲವರಿಗೆ ಮಾತಾಡುತ್ತಾ ಕಲಿಸಿದರು. ಬರೀ ನೋಡಿದವರು, ಸಿದ್ಧ ಚಕ್ಕೆ ಮಾತ್ರ ಹಿಡಿದವರಿಗಿಂತ ಅಷ್ಟೇನೂ ಮುಂದೆ ಹೋಗಲಿಲ್ಲ. ಕಲಿಸಿದಾಗ, ಅದರಲ್ಲೂ ಮಾತಾಡಿ ಕಲಿಸಿದಾಗ, ಕೈ ಚೆನ್ನಾಗಿ ಪಳಗಿತು. ಒಂದು ಪ್ರಯೋಗದಿಂದ ಇಡೀ ಶಾಲೆಯ ಬಗ್ಗೆ ತೀರ್ಮಾನ ಕೊಡಲು ಆಗದು ನಿಜ. ಆದರೆ ನಮ್ಮ ಬೋರ್ಡ್ ನೋಡಿ. ಮನೆಯಲ್ಲೇ ಬಿಡಿಸಿಕೊಂಡು ಬಂದ ಲೆಕ್ಕವನ್ನು ಒಂದೂ ತಡೆಯಿಲ್ಲದೆ ಬರೆದುಬಿಡುತ್ತೇವೆ. ಮಗುವಿನ ಕೈಗೆ ಸಿಗುವುದು ಸಿದ್ಧ ಕಲ್ಲು ಮಾತ್ರ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಹೊಸ ಲೆಕ್ಕವನ್ನು ಮಕ್ಕಳ ಎದುರೇ ಮೊದಲ ಸಲ ಬಿಡಿಸಿ. ಬಾಯಿಬಿಟ್ಟು ಯೋಚಿಸಿ. "ಇಲ್ಲಿಂದ ಯಾಕೆ ಶುರು ಮಾಡಿದೆ ಗೊತ್ತಾ? ಈ ದಾರಿ ಯಾಕೆ ಬೇಡ?" ಇದಕ್ಕೆ ಕಿಟ್ ಬೇಡ, ಥರ್ಮಾಕೋಲ್ ಮಾಡೆಲ್ ಬೇಡ.

ಒಮ್ಮೆ ಐದನೇ ತರಗತಿಯ ಮಕ್ಕಳ ಜೊತೆ ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ಗೆ ಹೋಗಿದ್ದೆ. ಸಾಲಾಗಿ ಜೋಡಿಸಿದ್ದ ಹಣತೆಗಳನ್ನು ಮಕ್ಕಳು ತಿರುಗಿಯೂ ನೋಡಲಿಲ್ಲ. ಕುಂಬಾರರ ಚಕ್ರದ ಮೇಲೆ ಒಂದು ಮಡಕೆ ಕುಸಿಯಿತು ನೋಡಿ, ಎಲ್ಲರೂ ಸುತ್ತುವರಿದರು. "ನೀರು ಜಾಸ್ತಿ ಆಯ್ತು ಕಣಪ್ಪಾ, ನೋಡಿ ಈಗ" ಅಂತ ಅವರು ಅದೇ ಮಣ್ಣನ್ನು ಮತ್ತೆ ಎತ್ತಿದರು. ಏನು ಮುಖಗಳು ಆ ಮಕ್ಕಳವು!

ಮಗ್ಗಿಗೆ ಇದೆಲ್ಲ ಬೇಕಿಲ್ಲ, ಅದು ಬಾಯಿಗೆ ಬರಲೇಬೇಕು. ಬರೆಯುವುದೇ ಕಷ್ಟವಾದ ಮಗುವಿಗೆ ಗೀಟು ತುಂಬಿದ ಪುಟ ಗೊಂದಲ ತರಬಹುದು, ಅಂಥವರ ಜೊತೆ ಮಾತಿನಲ್ಲೇ ಮಾಡಿ. ಪೋರ್ಷನ್ ಮುಗಿಸುವ ಒತ್ತಡವೂ ನನಗೆ ಗೊತ್ತು. ವಾರಕ್ಕೆ ಒಂದು ಲೆಕ್ಕ ಹೀಗೆ ಮಾಡಿದರೂ ಸಾಕು. ಎಡಗಡೆ ಪುಟವನ್ನು ರಫ್‌ಗೇ ಬಿಡಿ. ಆ ಪುಟದ ಮೇಲೆ ರಬ್ಬರ್ ಬೇಡ, ಕೆಂಪು ಪೆನ್ನೂ ಬೇಡ. ಪೋಷಕರ ಸಭೆಯ ದಿನ ಅಪ್ಪ ಅಮ್ಮನಿಗೆ ಮೊದಲು ಆ ಪುಟವನ್ನೇ ತೋರಿಸಿ.