ಮಳೆಗೆ ಕಾಯದ ಚಿಗುರು

ಮಳೆ ಬಿದ್ದ ಮೇಲೆ ಕಾಡು ಚಿಗುರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಯುಗಾದಿಗೆ ಮಾವು, ಬೇವು ಚಿಗುರುವುದು ಯಾವ ಮಳೆ ನೋಡಿ?

ಮುಂಬೈನ ಬೊರಿವಲಿ, ದಹಿಸರ್ ಕಡೆಯ ನಮ್ಮವರು ಬೆಳಿಗ್ಗೆ ವಾಕಿಂಗ್ ಹೋಗುವ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮುಂಬೈ ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಮಾರ್ಚ್ ಕೊನೆಗೆ ಕಾನ್ಹೇರಿ ಗುಹೆಗಳ ದಾರಿಯಲ್ಲಿ ಬರೀ ತೇಗದ ತರಗೆಲೆ. ಅಂಥ ಒಣ ಕಾಡಿನಲ್ಲಿ ಕುಸುಮ ಮರ ಮೈತುಂಬ ಕೆಂಪಾಗಿ ನಿಂತಿರುತ್ತದೆ. ದೂರದಿಂದ ನೋಡಿದವರು ಹೂವು ಅಂದುಕೊಳ್ಳುತ್ತಾರೆ. ಅದು ಹೂವಲ್ಲ, ಎಳೆ ಎಲೆ. ಹಸಿರು ಇನ್ನೂ ತುಂಬಿರದ ಎಲೆಗೆ ಆಂಥೋಸಯನಿನ್ ಎಂಬ ಕೆಂಪು ಬಣ್ಣ ಬಿಸಿಲಿನಿಂದ ರಕ್ಷಣೆ ಕೊಡುತ್ತದೆ.

ಇದಕ್ಕೆಲ್ಲ ನೀರು ಎಲ್ಲಿಂದ ಬಂತು? ನನಗೆ ತುಂಬ ಇಷ್ಟವಾದ ಭಾಗ ಇದೇ. ನಿಮ್ಮ ಸೊಸೈಟಿಯ ಟ್ಯಾಂಕ್ ನೆನಪಿಸಿಕೊಳ್ಳಿ. ಮನೆಮನೆಯ ನಲ್ಲಿಯೂ ತೆರೆದಿದ್ದರೆ ಪಂಪ್ ಎಷ್ಟು ಹೊತ್ತು ಓಡಿದರೂ ಟ್ಯಾಂಕ್ ತುಂಬದು. ನಲ್ಲಿ ಎಲ್ಲ ಮುಚ್ಚಿದರೆ ಸಣ್ಣ ಧಾರೆಯಲ್ಲೂ ತುಂಬುತ್ತದೆ. ಮರದ ನಲ್ಲಿಗಳು ಎಂದರೆ ಎಲೆಯ ಸೂಕ್ಷ್ಮ ರಂಧ್ರಗಳು. ಹಳೆ ಎಲೆ ಉದುರಿಸಿದರೆ ಸೋರಿಕೆ ನಿಲ್ಲುತ್ತದೆ. ಆಳದ ಬೇರು ಕೆಳಮಣ್ಣಿನ ತೇವವನ್ನು ಮೆಲ್ಲಗೆ ಎಳೆದು ಕಾಂಡ ತುಂಬಿಸುತ್ತದೆ. ಆ ನೀರಿನ ಒತ್ತಡಕ್ಕೆ ಮೊಗ್ಗಿನ ಕೋಶಗಳು ಉಬ್ಬುತ್ತವೆ, ಚಿಗುರು ಬಿಚ್ಚುತ್ತದೆ. ಅಂದರೆ ಎಲೆ ಉದುರುವುದೇ ಚಿಗುರುವುದರ ಮೊದಲ ಕೆಲಸ. ಬೋಳು ಮರ ಕಂಡ ಕೂಡಲೇ ‘ಸತ್ತಿದೆ, ಕಡಿಸಿ’ ಅನ್ನುವವರಿಗೆ ಇದನ್ನು ಯಾರಾದರೂ ಹೇಳಬೇಕು.

ನೀರು ಸಿದ್ಧವಾಯಿತು, ಸರಿ. ಚಿಗುರುವ ಹೊತ್ತು ಹೇಳುವ ಗಡಿಯಾರ ಯಾವುದು? ಥಾಯ್ಲೆಂಡ್ ಮತ್ತು ದಕ್ಷಿಣ ಭಾರತದ ಕಾಡುಗಳ ಬಗ್ಗೆ 2006ರಲ್ಲಿ ಎಲಿಯಟ್, ಬೇಕರ್, ಬೋರ್ಶರ್ಟ್ ಎಂಬ ವಿಜ್ಞಾನಿಗಳು ಬರೆದ ಪ್ರಬಂಧದ ಪ್ರಕಾರ, ಉದ್ದವಾಗುತ್ತಿರುವ ಹಗಲು. ಮಾರ್ಚ್ ಕೊನೆಯಲ್ಲಿ ಮುಂಬೈನ ಹಗಲು ದಿನಕ್ಕೆ ಸುಮಾರು ಒಂದು ನಿಮಿಷ ಬೆಳೆಯುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ, ಮರಕ್ಕೆ ಅಷ್ಟು ಸಾಕು.

ಕಾನ್ಹೇರಿಯ ಬೌದ್ಧ ಭಿಕ್ಷುಗಳಿಗೂ ಬೇಸಿಗೆಯ ನೀರಿನದೇ ಚಿಂತೆ. ಗುಹೆಗಳ ಪಕ್ಕ ಬಂಡೆಯಲ್ಲೇ ತೊಟ್ಟಿ ಕೊರೆದು ಮಳೆನೀರು ಹಿಡಿದಿಟ್ಟರು. ಬಹಳ ಶತಮಾನಗಳ ನಂತರ, 1860ರಲ್ಲಿ, ಇದೇ ಗುಡ್ಡಗಳ ನಡುವೆ ಬ್ರಿಟಿಷರು ಮುಂಬೈನ ನೀರಿಗೆಂದು ವಿಹಾರ್ ಕೆರೆ ಕಟ್ಟಿ ಮುಗಿಸಿದರು.

ಇನ್ನು ಜನ ಭೂತದ ಮರ ಅನ್ನುವ ಮರ. ಮರಾಠಿಯವರ ಕಾಂಡೋಳ. ಬೇಸಿಗೆಯಲ್ಲಿ ಎಲೆಯಿಲ್ಲದೆ ಬೆಳ್ಳಗೆ ಹೊಳೆಯುತ್ತದೆ, ಅದಕ್ಕೇ ಸುಮ್ನೆ ಅಷ್ಟೊಂದು ಕಥೆ. ಬಿಳಿ ತೊಗಟೆ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಅಷ್ಟೆ. ಭೂತಕ್ಕೆ ಅಲ್ಲಿ ಕೆಲಸವಿಲ್ಲ.

ನಿಜವಾಗಿ ಮಳೆಗೆ ಕಾಯುವುದು ಅಣಬೆ. ಅದರ ಮೈಯಲ್ಲಿ ಸುಮಾರು ಶೇಕಡಾ 90ರಷ್ಟು ನೀರೇ ಇರುವುದರಿಂದ ಬೇಸಿಗೆಯಲ್ಲಿ ತಲೆ ಎತ್ತುವ ಮಾತೇ ಇಲ್ಲ. ಬಿದ್ದ ಮರಗಳ ಮೇಲೆ ಕಟ್ಟಿಗೆಯಂತೆ ಗಟ್ಟಿಯಾದ ಬ್ರಾಕೆಟ್ ಅಣಬೆ ಮಾತ್ರ ಆಗಲೂ ಕಾಣಬಹುದು. ಉಳಿದವು ಮಣ್ಣು, ಮರದೊಳಗೆ ಬಿಳಿ ಎಳೆಗಳಾಗಿ ಜೂನ್‌ವರೆಗೆ ಉಳಿದುಕೊಳ್ಳುತ್ತವೆ. ಅವು ಮೇಲೆ ಬರುವ ಹೊತ್ತಿಗೆ ಕುಸುಮದ ಎಲೆ ಬಲಿತು ಹಸಿರಾಗಿರುತ್ತದೆ. ಮಳೆಯ ಜೊತೆ ಏಳುವ ಹುಳುಗಳಿಗೆ ಆ ಬಲಿತ ಎಲೆ ಜಗಿಯುವುದು ಎಳೆಯದರಷ್ಟು ಸುಲಭವಲ್ಲ.