‘ಬೇಗ ಬರುತ್ತೇನೆ’ ಅಂದರೆ ಎಷ್ಟು ಬೇಗ?

ಬೈಬಲ್‌ನ ಕೊನೆಯ ಪುಟದಲ್ಲಿ ಯೇಸು ‘ಹೌದು, ಬೇಗ ಬರುತ್ತೇನೆ’ ಎನ್ನುತ್ತಾರೆ. ಸ್ವರ್ಗಕ್ಕೆ ಹೋದ ಯೇಸು ಲೋಕಕ್ಕೆ ಮತ್ತೆ ಬರುತ್ತಾರೆ ಎಂಬುದು ಕ್ರೈಸ್ತರ ನಂಬಿಕೆ. ಆ ‘ಬೇಗ’ಕ್ಕೆ ಈಗ ಹತ್ತಿರ ಹತ್ತಿರ 1900 ವರ್ಷ. ಯಾವಾಗ ಎಂಬ ಜಗಳ ಅದಕ್ಕಿಂತಲೂ ಹಳೆಯದು.

ಜಗಳದ ಬೀಜ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲೇ ಇದೆ. ಇದೆಲ್ಲಾ ಆಗುವ ತನಕ ಈ ಪೀಳಿಗೆ ಅಳಿಯುವುದಿಲ್ಲ ಎನ್ನುತ್ತದೆ 34ನೇ ವಚನ. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಎನ್ನುತ್ತದೆ 36ನೆಯದು. ನಡುವೆ ಇರುವುದು ಒಂದೇ ವಚನ! ಮೊದಲನೆಯದನ್ನು ಹಿಡಿದವರು ಲೆಕ್ಕಕ್ಕೆ ಕೂತರು. ಎರಡನೆಯದನ್ನು ಹಿಡಿದವರು ಲೆಕ್ಕವೇ ಬೇಡ ಅಂದರು.

ಕ್ರಿ.ಶ. 50ರ ಸುಮಾರಿಗೇ ಗ್ರೀಸಿನ ಥೆಸಲೋನಿಕ ಊರಿನ ಕ್ರೈಸ್ತ ಸಭೆಗೆ ಚಿಂತೆ ಹತ್ತಿತ್ತು. ಕರ್ತ, ಅಂದರೆ ಯೇಸು, ಬರುವ ಮೊದಲೇ ತೀರಿಕೊಂಡವರ ಗತಿ ಏನು? ಅಪೊಸ್ತಲ ಪೌಲ ಸಮಾಧಾನ ಹೇಳಿ ಬರೆದ. ಆ ಪತ್ರದಲ್ಲಿ ‘ಬದುಕಿ ಉಳಿದಿರುವ ನಾವು’ ಎಂಬ ಮಾತಿದೆ. ‘ನಾವು’ ಅಂದಿದ್ದಾನೆ, ‘ಅವರು’ ಅಂದಿಲ್ಲ. ಪೇತ್ರನ ಎರಡನೆಯ ಪತ್ರದ ಹೊತ್ತಿಗೆ, ಬರುತ್ತೇನೆ ಅಂದ ಮಾತು ಏನಾಯ್ತು ಎಂದು ಗೇಲಿ ಮಾಡುವವರೂ ಹುಟ್ಟಿಕೊಂಡಿದ್ದರು. ಕರ್ತನಿಗೆ ಒಂದು ದಿನ ಸಾವಿರ ವರ್ಷದ ಹಾಗೆ ಎಂದು ಪತ್ರ ಉತ್ತರ ಕೊಡುತ್ತದೆ. 5ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್, ಬೈಬಲ್‌ನ ಕೊನೆಯದಾದ ಪ್ರಕಟನೆಯ ಪುಸ್ತಕದಲ್ಲಿ ಬರುವ ಕ್ರಿಸ್ತನ ಆಳ್ವಿಕೆಯ ‘ಸಾವಿರ ವರ್ಷ’ ಎಂದರೆ ಈಗ ನಡೆಯುತ್ತಿರುವ ಸಭೆಯ ಕಾಲವೇ ಎಂದ. ದೊಡ್ಡ ಸಭೆಗಳಲ್ಲಿ ಕಾತರ ತಣ್ಣಗಾಯಿತು. ಪೂರ್ತಿ ಆರಲಿಲ್ಲ.

ಲೆಕ್ಕ ಹಾಕಿದವರಲ್ಲಿ ನನಗೆ ಜಾಸ್ತಿ ಕಾಡುವವನು ವಿಲಿಯಂ ಮಿಲ್ಲರ್. ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್‌ನ ರೈತ. 1812ರ ಯುದ್ಧದಲ್ಲಿ ಕಾದಾಡಿ ಬಂದವನು, ಆಮೇಲೆ ಬೈಬಲ್ ಹಿಡಿದು ಕೂತ. ದಾನಿಯೇಲನ ಪುಸ್ತಕದಲ್ಲಿ, 2300 ದಿನಗಳಾದ ಮೇಲೆ ಪವಿತ್ರಾಲಯ ಶುದ್ಧವಾಗುತ್ತದೆ ಎಂದಿದೆ. ಪವಿತ್ರಾಲಯ ಅಂದರೆ ಈ ಭೂಮಿ, ಅದು ಶುದ್ಧವಾಗುವುದು ಕ್ರಿಸ್ತ ಬಂದಾಗ ಅಂದುಕೊಂಡ. ಒಂದು ದಿನಕ್ಕೆ ಒಂದು ವರ್ಷ ಅಂತ ಇಟ್ಟುಕೊಂಡ. ಪರ್ಷಿಯದ ಅರಸ ಅರ್ತಷಸ್ತ ಯೆರೂಸಲೇಮಿನ ಬಗ್ಗೆ ಆಜ್ಞೆ ಹೊರಡಿಸಿದ ಕ್ರಿ.ಪೂ. 457ರಿಂದ ಎಣಿಸಿದ. 1843 ಬಂತು. ಯೆಹೂದಿ ವರ್ಷದ ಪ್ರಕಾರ 1844ರ ಮಾರ್ಚ್ 21ರ ಒಳಗೆ ಆಗಬೇಕಿತ್ತು. ಆಗಲಿಲ್ಲ.

ಆಗ ಮಿಲ್ಲರನ ಬಳಗದ ಸ್ಯಾಮ್ಯುಯೆಲ್ ಸ್ನೋ ಎಂಬವನು ಲೆಕ್ಕವನ್ನು ಒಂದೇ ದಿನಕ್ಕೆ ತಂದ. ಯೆಹೂದಿಗಳ ದೋಷಪರಿಹಾರಕ ದಿನ, ಅಂದರೆ 1844ರ ಅಕ್ಟೋಬರ್ 22. ಸ್ವತಃ ಮಿಲ್ಲರ್ ಇದನ್ನು ಒಪ್ಪಿದ್ದು ಅಕ್ಟೋಬರ್ ಬಂದ ಮೇಲೆಯೇ. ಅಷ್ಟರಲ್ಲಿ ಇದನ್ನು ನಂಬಿದ ಕೆಲವು ರೈತರು ಆಲೂಗಡ್ಡೆಯನ್ನು ಅಗೆಯದೆ ಹೊಲದಲ್ಲೇ ಬಿಟ್ಟಿದ್ದರು. ಕೀಳುವುದು ಯಾರಿಗಾಗಿ, ಅಲ್ವಾ? ರಾತ್ರಿಯೆಲ್ಲಾ ಕಾದರು. 23ರ ಬೆಳಗಾಯಿತು. ಅತ್ತರು.

ಅದೇ ಬೆಳಗ್ಗೆ ಹೈರಮ್ ಎಡ್ಸನ್ ಎಂಬ ರೈತ ಮೆಕ್ಕೆಜೋಳದ ಹೊಲ ದಾಟುವಾಗ ಅವನಿಗೊಂದು ವಿಚಾರ ಹೊಳೆಯಿತು. ದಿನ ತಪ್ಪಿಲ್ಲ, ಜಾಗ ತಪ್ಪಿದೆ. ಶುದ್ಧವಾಗಬೇಕಿದ್ದ ಪವಿತ್ರಾಲಯ ಭೂಮಿಯದ್ದಲ್ಲ, ಸ್ವರ್ಗದ್ದು. ಈ ತಿಳುವಳಿಕೆಯ ಸುತ್ತ ಬೆಳೆದ ಗುಂಪೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಯಿತು. ಅವರು ಈಗ ತಾರೀಖು ಹೇಳುವುದಿಲ್ಲ.

ಈ ಜಾಣ್ಮೆ ಅಲ್ಲಿಗೇ ನಿಲ್ಲಲಿಲ್ಲ. 1874ಕ್ಕೆ ಕಾದಿದ್ದ ಇನ್ನೊಂದು ಗುಂಪು, ಕ್ರಿಸ್ತ ಬಂದಾಗಿದೆ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ ಎಂದಿತು. ಅಮೆರಿಕದ ಬೈಬಲ್ ಬೋಧಕ ಚಾರ್ಲ್ಸ್ ಟೇಜ್ ರಸಲ್ ಅದನ್ನು ಎತ್ತಿಕೊಂಡ. ಅವನ ಹಾದಿಯಲ್ಲಿ ಬಂದ ಯೆಹೋವನ ಸಾಕ್ಷಿಗಳು ಕಾಣದ ಆ ಬರುವಿಕೆಯನ್ನು ಆಮೇಲೆ 1914ಕ್ಕೆ ಸರಿಸಿದರು. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ. ದಿನ ಕಳೆದಾಗ, ನ್ಯಾಯತೀರ್ಪು ಆತ್ಮಿಕವಾಗಿ ಆಗಿದೆ, ಲೋಕದ ಅಂತ್ಯ ಅಕ್ಟೋಬರ್ 21ಕ್ಕೆ ಎಂದ. ಅದೂ ಹುಸಿಯಾಯಿತು. 2012ರಲ್ಲಿ, ತಾರೀಖು ಹೇಳಿದ್ದು ಪಾಪ ಎಂದು ಒಪ್ಪಿಕೊಂಡ. ಇಂಥ ಒಪ್ಪಿಗೆ ಅಪರೂಪ.

ಇನ್ನೊಂದು ಕಡೆಯವರಿಗೆ ಈ ಕಾಯುವಿಕೆಯೇ ಸುಮ್ನೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದರಲ್ಲ, ‘ಈ ಪೀಳಿಗೆ’ ಎಂದ ಮಾತು ಅಲ್ಲೇ ನಿಜವಾಯಿತು ಎನ್ನುತ್ತಾರೆ ಅವರು. 34ನೇ ವಚನಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಮೋಡಗಳ ಮೇಲೆ ಬರುವ ಮನುಷ್ಯಕುಮಾರನನ್ನು, ಅಂದರೆ ಯೇಸುವನ್ನು, ಎಲ್ಲಿ ಕೂರಿಸುವುದು ಎಂಬಲ್ಲಿ ಅವರೂ ಎಳೆದಾಡಬೇಕಾಗುತ್ತದೆ.

ಮಿಲ್ಲರ್ 1849ರಲ್ಲಿ ತೀರಿಕೊಂಡ. ಕೊನೆಯವರೆಗೂ ಕಾಯುತ್ತಲೇ ಇದ್ದ. ಅದಕ್ಕೆ ಒಂದು ವರ್ಷ ಮೊದಲು ತನ್ನ ಮನೆಯ ಹತ್ತಿರ ಚಿಕ್ಕ ಪ್ರಾರ್ಥನಾಲಯ ಕಟ್ಟಿಸಿದ್ದ. ಅದು ಇಂದಿಗೂ ಇದೆ. ಒಳಗಿನ ಗೋಡೆಯ ಮೇಲೆ ದಾನಿಯೇಲನ ಅದೇ ಅಧ್ಯಾಯದ ಮಾತು: ನೇಮಕವಾದ ಕಾಲದಲ್ಲಿ ಅಂತ್ಯ ಬರುತ್ತದೆ. ಪಕ್ಕದಲ್ಲಿ ಇಸವಿ ಇಲ್ಲ.