ಪಕ್ಕದ ಸೈಟಿನಲ್ಲಿ ನೀರು, ನಮ್ಮಲ್ಲಿ ಬರೀ ಧೂಳು

ನಮ್ಮ ಭೂವಿಜ್ಞಾನ ವಿಭಾಗದಲ್ಲಿ ತಿಂಗಳಿಗೊಮ್ಮೆ ಸಾರ್ವಜನಿಕ ಉಪನ್ಯಾಸ ಇರುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು. ವಿಷಯ ಜ್ವಾಲಾಮುಖಿಯೇ ಇರಲಿ, ಹಿಮಾಲಯವೇ ಇರಲಿ, ಕೊನೆಗೆ ಎದ್ದು ನಿಂತವರು ಕೇಳುವುದು ಬೋರ್‌ವೆಲ್ ಬಗ್ಗೆ. ಮೊದಲೆಲ್ಲ 'ಅದು ಇವತ್ತಿನ ವಿಷಯ ಅಲ್ಲ' ಅಂದು ಕೂರಿಸುತ್ತಿದ್ದೆವು. ತಪ್ಪು ಮಾಡಿದೆವು. ಈಗ ನಾನು ಬೋರ್‌ವೆಲ್ಲಿನಿಂದಲೇ ಮಾತು ಶುರು ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಯಲಹಂಕ ಕಡೆಯ ಒಬ್ಬ ಅಮ್ಮ ಕೇಳಿದರು: "ಪಕ್ಕದ ಮನೆಯವರಿಗೆ 300 ಅಡಿಗೆ ನೀರು ಬಂತು. ನಾವು 900 ಅಡಿ ಕೊರೆಸಿದೆವು, ಬರೀ ಧೂಳು. ನಡುವೆ ಇರೋದು ಒಂದು ಕಾಂಪೌಂಡ್ ಗೋಡೆ. ಯಾಕೆ ಸಾರ್?"

ನೆಲದಡಿ ಎಲ್ಲೋ ಗಂಗೆ ಹರಿಯುತ್ತಿದ್ದಾಳೆ, ಅಲ್ಲಿಯವರೆಗೆ ಹೋದರೆ ಸಾಕು ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ಬೆಂಗಳೂರಿನ ಅಡಿಯಲ್ಲಿ ಹಾಗಿಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ನೋಡಿದ್ದೀರಲ್ವಾ? ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಅನ್ನುವ ಗಟ್ಟಿ ಶಿಲೆ ಅದು. ಊರಿನ ಬಹುಪಾಲು ಕೆಳಗೆ ಇದೇ ಜಾತಿಯ ಕಲ್ಲು. ಅಂಥದೊಂದು ತುಂಡನ್ನೂ ಒಂದು ಇಟ್ಟಿಗೆಯನ್ನೂ ಮೇಜಿನ ಮೇಲಿಟ್ಟು, ಎರಡರ ಮೇಲೂ ಒಂದು ಚಮಚ ನೀರು ಹಾಕಿದೆ. ಇಟ್ಟಿಗೆ ಕುಡಿದುಬಿಟ್ಟಿತು. ಕಲ್ಲಿನ ಮೇಲಿನ ನೀರು ಜಾರಿ ಮೇಜು ಒದ್ದೆಯಾಯಿತು.

ಹಾಗಾದರೆ ನೀರು ಇರುವುದೆಲ್ಲಿ? ಬಂಡೆಯ ಮೇಲ್ಭಾಗ ಬಿಸಿಲು ಮಳೆಗೆ ಸವೆದು ಗರಸು ಮಣ್ಣಾಗಿರುತ್ತದೆ. ಮಳೆ ನೀರು ಇಂಗಿ ನಿಲ್ಲುವುದು ಅಲ್ಲಿ. ಅಜ್ಜನ ಕಾಲದ ತೆರೆದ ಬಾವಿಗಳು ಇದನ್ನೇ ನಂಬಿ ಬದುಕಿದ್ದವು. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿಗೆ ಜಾಗ ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಓರೆಯಾಗಿಯೋ ಅಡ್ಡಡ್ಡವಾಗಿಯೋ ಹೋಗಿರುತ್ತದೆ. ನೆಟ್ಟಗೆ ಇಳಿಯುವ ಆರು ಇಂಚಿನ ಬೋರು ಅದನ್ನು ಕತ್ತರಿಸಿದರೆ ನೀರು, ಒಂದು ಗಜ ತಪ್ಪಿದರೆ ಧೂಳು. ಪಕ್ಕದವರಿಗೆ ಸಿಕ್ಕಿತು, ಇವರಿಗೆ ತಪ್ಪಿತು.

ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವೂ ಆಗುತ್ತವೆ. 'ಇನ್ನೊಂದು ನೂರು ಅಡಿ ನೋಡೋಣ' ಅಂತ ಸಾಲ ಮಾಡಿ ಕೊರೆಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬಿರುಕಿಗೆ ನೀರು ಇಳಿಯಬೇಕಾದ್ದು ಮೇಲಿನ ಗರಸಿನಿಂದ. ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ ಕೆಳಗೆ ಹುಡುಕಿದರೆ ಎಲ್ಲಿಂದ ಬರಬೇಕು?

ತೆಂಗಿನಕಾಯಿ ಇಟ್ಟು ಪಾಯಿಂಟ್ ತೋರಿಸುವುದನ್ನೂ ಕೇಳುತ್ತಾರೆ. ಕಾಯಿಗೆ ಬಿರುಕು ತಿಳಿಯುವುದಿಲ್ಲ. ನೆಲಕ್ಕೆ ವಿದ್ಯುತ್ ಹರಿಸಿ ನೋಡುವ ನಮ್ಮ ವಿಧಾನ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಒದ್ದೆ ಪದರದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆದರೆ ಆಳದ ಸಣ್ಣ ಬಿರುಕು ಅದಕ್ಕೂ ಕಾಣದು. ಇದನ್ನೂ ಸಭೆಯಲ್ಲಿ ಹೇಳಲೇಬೇಕು.

ಕೊರೆಯುವಾಗ ಹತ್ತು ಅಡಿಗೊಮ್ಮೆ ಹೊರಬರುವ ಪುಡಿಯನ್ನು ಒಂದು ಹಿಡಿ ತೆಗೆದಿಡಿ, ಅಡಿ ಬರೆದಿಡಿ ಅಂದಿದ್ದೆ. ಮುಂದಿನ ತಿಂಗಳು ಆ ಅಮ್ಮ ಮತ್ತೆ ಬಂದರು. ಅವರ ಬೀದಿಯಲ್ಲೇ ಇನ್ನೊಬ್ಬರು ಬೋರು ಹಾಕಿಸಿದ್ದರಂತೆ. ಚೀಲದಿಂದ ಪೊಟ್ಟಣಗಳನ್ನು ತೆಗೆದು ಸಾಲಾಗಿ ಜೋಡಿಸಿದರು: ಕೆಮ್ಮಣ್ಣು, ಗರಸು, ಆಮೇಲೆ ಬೂದು ಪುಡಿ. ಅವತ್ತಿನ ಉಪನ್ಯಾಸ ಅರ್ಧ ಗಂಟೆ ತಡವಾಗಿ ಶುರುವಾಯಿತು. ವಿದ್ಯಾರ್ಥಿಗಳೆಲ್ಲ ಆ ಪೊಟ್ಟಣಗಳ ಸುತ್ತ ನಿಂತಿದ್ದರು.